ಚೌಕಹಾಯಿ ಹಡಗು ನಡೆಸುವುದನ್ನು ಕಲಿಯಲು ಯಾವುದು ಒಳ್ಳೆಯದು: ಹಳೇ ಪುಸ್ತಕವೋ, ಮಾಡೆಲ್ ಕಿಟ್ಟೋ, ಗೇಮೋ, ನಿಜವಾದ ಹಡಗೋ?

ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾಲದ ಹಾಯಿಹಡಗುಗಳನ್ನು ಹೇಗೆ ನಡೆಸುತ್ತಿದ್ದರು ಎಂದು ಕಲಿಯುವ ಆಸೆ ಇದ್ದರೆ, 1808ರಲ್ಲಿ ಅಚ್ಚಾದ ಡಾರ್ಸಿ ಲೀವರ್ ಅವರ ‘ದಿ ಯಂಗ್ ಸೀ ಆಫೀಸರ್ಸ್ ಶೀಟ್ ಆ್ಯಂಕರ್’ ಹಿಡಿಯಿರಿ. ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಸ್ಕ್ಯಾನ್ ಪ್ರತಿ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ನಾನು ದುಡ್ಡು ಕೊಟ್ಟು ತಂದ ಬೇರೆ ಯಾವುದೂ ಅದರ ಸಮಕ್ಕೆ ನಿಲ್ಲಲಿಲ್ಲ.

ನನಗೆ ಬೇಕಾಗಿದ್ದದ್ದು ಹಡಗಿನ ಚರಿತ್ರೆಯಲ್ಲ, ಅದರ ಕೆಲಸ. ಯಾವ ಹಗ್ಗ ಎಳೆದರೆ ಏನಾಗುತ್ತದೆ, ಯಾವಾಗ ಎಳೆಯಬೇಕು, ತಡವಾದರೆ ಏನು ಕೆಡುತ್ತದೆ. ಅದಕ್ಕೆ ಎಲ್ಲವನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ಅಳೆದೆ. ಕೂವೆಮರಕ್ಕೆ, ಅಂದರೆ ಹಡಗಿನಲ್ಲಿ ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ, ಅಡ್ಡಲಾಗಿ ಕಟ್ಟಿದ ಯಾರ್ಡ್ ಎಂಬ ತೊಲೆಗಳಿಂದ ಚೌಕದ ಹಾಯಿ ಇಳಿಬಿಟ್ಟ ಹಡಗು ಗಾಳಿಗೆ ನೇರ ಎದುರಾಗಿ ಹೋಗುವುದಿಲ್ಲ. ದಿಕ್ಸೂಚಿಯ ಸುತ್ತನ್ನು 32 ಪಾಯಿಂಟ್ ಎಂದು ಎಣಿಸಿದರೆ, ಗಾಳಿ ಬರುವ ಕಡೆಯಿಂದ ಸುಮಾರು ಆರು ಪಾಯಿಂಟ್, ಅಂದರೆ 67.5 ಡಿಗ್ರಿ, ದೂರ ಸರಿದೇ ಅದು ಸಾಗಬೇಕು. ಗಾಳಿ ಬರುವ ಕಡೆಗೇ ಹೋಗಬೇಕಾದರೆ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಪ್ರತಿ ತಿರುವಿನಲ್ಲೂ ಹಡಗಿನ ಮೂತಿ ಗಾಳಿಯನ್ನು ಸೀಳಿಕೊಂಡು 12 ಪಾಯಿಂಟ್, 135 ಡಿಗ್ರಿ, ತಿರುಗಬೇಕು. ಇದೇ ಟ್ಯಾಕಿಂಗ್. ನಡುವೆ ಒಂದು ಹೊತ್ತಿನಲ್ಲಿ ಗಾಳಿ ಹಾಯಿಗಳ ಮುಂಭಾಗಕ್ಕೇ ಬಡಿಯುತ್ತದೆ. ಹಾಗಿದ್ದರೂ ಹಡಗು ಅಲ್ಲೇ ನಿಂತುಬಿಡುವುದಿಲ್ಲ ಯಾಕೆ? ಇದಕ್ಕೆ ಉತ್ತರ ಕೊಟ್ಟದ್ದು ಯಾವುದು, ಕೊಡದೇ ಹೋದದ್ದು ಯಾವುದು ಎಂಬುದೇ ನನ್ನ ಹೋಲಿಕೆ.

ಎಲ್ಲಕ್ಕಿಂತ ಜಾಸ್ತಿ ಖರ್ಚು ಮಾಡಿಸಿದ್ದು ಮರದ ಮಾಡೆಲ್ ಕಿಟ್. ಯುರೋಪಿನ ಒಂದು ಕಂಪನಿಯದು, 1800ರ ಆಸುಪಾಸಿನ ಬ್ರಿಟಿಷ್ ಫ್ರಿಗೇಟ್, ಅಂದರೆ ಒಂದು ಬಗೆಯ ಯುದ್ಧಹಡಗು. ಕಿಟ್ಟಿನ ಬೆಲೆಯೇ 18,000 ರೂಪಾಯಿ, ಅದರ ಮೇಲೆ ಕೊರಿಯರ್, ಕಸ್ಟಮ್ಸ್ ಸುಂಕ ಬೇರೆ. ಪೆಟ್ಟಿಗೆಯ ಮೇಲೆ ‘ಅಸಲಿ ಹಡಗಿನಂತೆಯೇ ಪೂರ್ತಿ ಹಗ್ಗಗಳು’ ಎಂದು ಬರೆದಿತ್ತು. ಹಗ್ಗಗಳೇನೋ ಇದ್ದವು. ಒಂದೂ ಅಲ್ಲಾಡುವುದಿಲ್ಲ.

ಇದು ಯಾಕೆ ದೊಡ್ಡ ತೊಂದರೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಹಡಗಿನ ಹಗ್ಗಗಳಲ್ಲಿ ಎರಡು ಬಗೆ. ಕೂವೆಮರ ಬೀಳದಂತೆ ಬಿಗಿದು ಕಟ್ಟಿದ ಹಗ್ಗಗಳು ಒಂದು. ಹಾಯಿ ಏರಿಸುವ, ಇಳಿಸುವ, ತಿರುಗಿಸುವ, ಮಡಚುವ ಹಗ್ಗಗಳು ಇನ್ನೊಂದು. ಹಡಗು ನಡೆಸುವುದು ಎಂದರೆ ಪೂರಾ ಈ ಎರಡನೆಯ ಬಗೆಯ ಕೆಲಸ. ಕಿಟ್ಟಿನ ಸೂಚನೆಯ ಪ್ರಕಾರ ಯಾರ್ಡಿನ ನಡುವೆ ತಂತಿಯ ಚೂರು ಚುಚ್ಚಿ, ಕೂವೆಮರಕ್ಕೆ ಸೂಪರ್‌ಗ್ಲೂ ಹಾಕಿ ಅಂಟಿಸಬೇಕು. ಆಮೇಲೆ ಯಾರ್ಡಿನ ಎರಡೂ ತುದಿಗೆ ದಾರ ಕಟ್ಟಿ, ಆ ದಾರವನ್ನು ಕಟಕಟೆಯ ಗೂಟಕ್ಕೆ ಒಂದು ಸುತ್ತು ಸುತ್ತಿ, ಮೇಲೊಂದು ತೊಟ್ಟು ಗೋಂದು ಬಿಟ್ಟು, ಉಳಿದದ್ದನ್ನು ಕತ್ತರಿಸಬೇಕು. ಆ ದಾರವೇ ಬ್ರೇಸ್, ಯಾರ್ಡನ್ನು ಅತ್ತಿತ್ತ ತಿರುಗಿಸುವ ಹಗ್ಗ. ಟ್ಯಾಕಿಂಗ್‌ನ ಅರ್ಧ ಗುಟ್ಟು ಇರುವುದೇ ಅದರಲ್ಲಿ. ಅದನ್ನೇ ಗೋಂದು ಹಾಕಿ ಕೂರಿಸಿದರೆ ಕಲಿಯುವುದಕ್ಕೆ ಏನು ಉಳಿಯಿತು?

ಇನ್ನೊಂದು ಸಂಗತಿ ಲೀವರ್ ಓದಿದ ಮೇಲೆ ಗೊತ್ತಾಯಿತು. ಅಸಲಿ ಹಡಗಿನಲ್ಲಿ ಕೂವೆಮರದ ನಡುಭಾಗದ ಟಾಪ್‌ಸೇಲ್ ಯಾರ್ಡ್ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಹಾಯಿ ಬಿಚ್ಚಿದಾಗ ಅದನ್ನು ಮೇಲಕ್ಕೆ ಎಳೆಯುತ್ತಾರೆ, ಮಡಚುವಾಗ ಕೆಳಗಿಳಿಸುತ್ತಾರೆ. ಹಾಗೆ ಜಾರಲಿ ಎಂದು ಕೂವೆಮರದ ಸುತ್ತ ಮರದ ಮಣಿಗಳನ್ನು ಪೋಣಿಸಿದ ಹಗ್ಗದ ಪಟ್ಟಿ ಇರುತ್ತದೆ, ಹೆಸರು ಪ್ಯಾರಲ್. ನನ್ನ ಕಿಟ್ಟಿನಲ್ಲಿ ಮಣಿ ಇಲ್ಲ, ಪ್ಯಾರಲ್ ಇಲ್ಲ. ಹಾಯಿ ಇಲ್ಲದ ಬೋಳು ಯಾರ್ಡ್‌ಗಳು ತುತ್ತತುದಿಯಲ್ಲಿ ನಿಂತಿವೆ. ಬಂದರಿನಲ್ಲಿ ನಿಂತ ಹಡಗು ಹಾಗೆ ಕಾಣುತ್ತಲೇ ಇರಲಿಲ್ಲ. ಷೋಕೇಸಿಗೆ ಚೆಂದ, ನಿಜ. ಹಗ್ಗ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು ಅಂತ ದುಡ್ಡು ಕೊಟ್ಟವನಿಗೆ ಇದು ಮೋಸ ಅಂತಲೇ ನನ್ನ ಅಭಿಪ್ರಾಯ.

ಲೀವರ್ ಪುಸ್ತಕ ನಡೆಯುವುದೇ ಬೇರೆ ರೀತಿ. ಒಂದು ಪುಟದಲ್ಲಿ ಬರಹ, ಎದುರು ಪುಟದಲ್ಲಿ ಚಿತ್ರ. ಗಂಟು ಹಾಕುವುದರಿಂದ ಶುರುವಾಗಿ, ಕೂವೆಮರ ಕಟ್ಟುವುದು, ಯಾರ್ಡ್ ಏರಿಸುವುದು, ಹಾಯಿ ಬಿಗಿಯುವುದು, ಕೊನೆಗೆ ಹಡಗು ತಿರುಗಿಸುವುದು. ಕಡಲಿಗೆ ಹೊಸಬರಾದ ಹುಡುಗರಿಗೆ ಎಂದು ಬರೆದದ್ದು, ಅದಕ್ಕೇ ಏನನ್ನೂ ‘ನಿಮಗೆ ಗೊತ್ತೇ ಇದೆ’ ಎಂದು ಬಿಟ್ಟುಬಿಡುವುದಿಲ್ಲ. ಮೊಬೈಲ್‌ನಲ್ಲಿ ಮಾತ್ರ ಓದಬೇಡಿ. ಚಿತ್ರ ಒಂದು ಕಡೆ, ಮಾತು ಒಂದು ಕಡೆ ಆಗಿ ತಲೆ ಕೆಡುತ್ತದೆ. ದೊಡ್ಡ ಪರದೆಯಲ್ಲಿ ಎರಡು ಪುಟ ಒಟ್ಟಿಗೆ ಕಾಣುವಂತೆ ಇಟ್ಟುಕೊಳ್ಳಿ, ಅಥವಾ ಬೇಕಾದ ಪುಟಗಳ ಪ್ರಿಂಟ್ ತೆಗೆಸಿ.

ಟ್ಯಾಕಿಂಗ್ ಪುಟಗಳನ್ನು ನಾನು ಓದಿದ್ದಕ್ಕಿಂತ ಮಾಡಿ ನೋಡಿದ್ದೇ ಜಾಸ್ತಿ. ಉದ್ದನೆಯ ಥರ್ಮೋಕೋಲ್ ತುಂಡಿನ ನಡುವೆ ಮೊಳೆ ಚುಚ್ಚಿ, ಹಲಗೆಯ ಮೇಲೆ ಸಲೀಸಾಗಿ ತಿರುಗುವ ಹಾಗೆ ಮಾಡಿದೆ. ಮೂರು ಕಡ್ಡಿ ನೆಟ್ಟರೆ ಮೂರು ಕೂವೆಮರ. ಮದುವೆ ಕರೆಯೋಲೆ ಕತ್ತರಿಸಿ ಹಾಯಿ. ಹಾಯಿಯ ಎರಡೂ ತುದಿಗೆ ದಾರ. ಎದುರಿಗೆ ಟೇಬಲ್ ಫ್ಯಾನ್.

ಈಗ ಲೀವರ್ ಹೇಳಿದ ಕ್ರಮ. ಗಾಳಿ ಬಲಗಡೆಯಿಂದ ಬರುತ್ತಿದೆ ಅಂದುಕೊಳ್ಳಿ. ಮೊದಲು ಹಡಗಿಗೆ ಒಳ್ಳೆ ವೇಗ ಬರಬೇಕು. ಆಮೇಲೆ ಚುಕ್ಕಾಣಿ ತಿರುಗಿಸಿ ಮೂತಿಯನ್ನು ಗಾಳಿಯ ಕಡೆಗೆ ತರಬೇಕು. ಮೂತಿಯ ಮುಂದಿನ ತ್ರಿಕೋನ ಹಾಯಿಗಳ ಹಗ್ಗ ಸಡಿಲ ಬಿಡಬೇಕು, ಇಲ್ಲವಾದರೆ ಅವು ಮೂತಿಯನ್ನು ವಾಪಸ್ ತಳ್ಳುತ್ತವೆ. ಮೂತಿ ಗಾಳಿಗೆ ಹತ್ತಿರವಾಗುತ್ತಿದ್ದ ಹಾಗೆ ಮುಂದಿನ ಕೂವೆಮರದ ಹಾಯಿಗಳಿಗೆ ಗಾಳಿ ಮುಂಭಾಗದಿಂದ ಬಡಿಯುತ್ತದೆ. ಇಷ್ಟು ಹೊತ್ತು ನಾನು ಇದನ್ನೇ ತೊಂದರೆ ಎಂದುಕೊಂಡಿದ್ದೆ ಅಲ್ವಾ? ಇದೇ ಉಪಾಯ. ಆ ಹಾಯಿ ಇರುವುದು ಹಡಗಿನ ಮುಂತುದಿಯಲ್ಲಿ. ಓರೆಯಾಗಿ ನಿಂತ ಅದರ ಮೇಲೆ ಬಿದ್ದ ಗಾಳಿ ಮೂತಿಯನ್ನು ಬಲಕ್ಕೇ ತಳ್ಳುತ್ತದೆ, ಅಂದರೆ ನಮಗೆ ಬೇಕಾದ ಕಡೆಗೇ.

ಹಿಂದಿನ ಎರಡು ಕೂವೆಮರಗಳ ಹಾಯಿಗಳಿಗೂ ಹಾಗೇ ಗಾಳಿ ಬಡಿದರೆ ಕೆಲಸ ಕೆಡುತ್ತದೆ. ಅದಕ್ಕೆ ಮೂತಿ ಗಾಳಿಗೆ ನೇರವಾಗುವ ಹೊತ್ತಿಗೆ ಅವುಗಳ ಯಾರ್ಡ್‌ಗಳನ್ನು ಒಟ್ಟಿಗೆ ಸರಕ್ಕನೆ ತಿರುಗಿಸುತ್ತಾರೆ. ಆಜ್ಞೆ ‘ಮೇನ್‌ಸೇಲ್ ಹಾಲ್’. ಆಗಲೇ ಯಾಕೆ? ನಡುವಿನ ಕಡ್ಡಿಗೆ ಟಿಶ್ಯೂ ಕಾಗದದ ಎಳೆ ಕಟ್ಟಿ ಫ್ಯಾನ್ ಹಾಕಿದೆ. ಓರೆಯಾಗಿದ್ದಾಗ ಎಳೆ ಪಟಪಟ ಹಾರುತ್ತಿತ್ತು. ಮೂತಿ ಫ್ಯಾನಿಗೆ ನೇರವಾದ ಕೂಡಲೇ ಜೋಲುಬಿತ್ತು. ಮುಂದಿನ ಹಾಯಿಗಳು ಗಾಳಿಯನ್ನು ಪೂರಾ ಮರೆಮಾಡುತ್ತವೆ, ನಡುವಿನ ಹಾಯಿಯ ಮೇಲೆ ಭಾರವೇ ಇರುವುದಿಲ್ಲ. ಟನ್‌ಗಟ್ಟಲೆ ತೂಕದ ಯಾರ್ಡನ್ನು ಬರೀ ಕೈಯಿಂದ ತಿರುಗಿಸುವುದು ಸಲೀಸಾಗುವುದು ಆ ಕೆಲವೇ ಕ್ಷಣಗಳಲ್ಲಿ. ಬೇಗ ಕೂಗಿದರೂ ಕಷ್ಟ, ತಡವಾದರೂ ಕಷ್ಟ. ಆಮೇಲೆ ಹಿಂದಿನ ಹಾಯಿಗಳು ಹೊಸ ಕಡೆಯ ಗಾಳಿ ತುಂಬಿಕೊಂಡಾಗ ‘ಲೆಟ್ ಗೋ ಆ್ಯಂಡ್ ಹಾಲ್’ ಎಂದು ಕೂಗಿ ಮುಂದಿನ ಯಾರ್ಡ್‌ಗಳನ್ನೂ ತಿರುಗಿಸಿದರೆ ಮುಗಿಯಿತು. ನಡುವೆ ಹಡಗು ಹಿಮ್ಮುಖವಾಗಿ ಜಾರತೊಡಗಿದರೆ ಚುಕ್ಕಾಣಿ ಉಲ್ಟಾ ಕೆಲಸ ಮಾಡುತ್ತದೆ, ಆಗ ಅದನ್ನೂ ಬದಲಾಯಿಸಬೇಕು.

ಆ ಎಳೆ ಜೋಲುಬಿದ್ದದ್ದನ್ನು ನೋಡಿದಾಗ ಆದ ಖುಷಿ ಯಾವ ಕಿಟ್ಟೂ ಕೊಟ್ಟಿರಲಿಲ್ಲ.

ಗೇಮ್ ಬಗ್ಗೆ ಹೆಚ್ಚೇನೂ ಇಲ್ಲ. ಹಡಗಿನ ಯುದ್ಧದ ಒಂದು ಜನಪ್ರಿಯ ಆಟ ಆಡಿದೆ. ಗಾಳಿ ಯಾವ ಕಡೆಯಿಂದ ಎಂದು ಸದಾ ಗಮನಿಸುವ ಅಭ್ಯಾಸ ಬಂತು, ಅದು ಒಳ್ಳೆಯದೇ. ಆದರೆ ಬಟನ್ ಒತ್ತಿದರೆ ಎಲ್ಲಾ ಯಾರ್ಡ್ ತಾವಾಗೇ ತಿರುಗುತ್ತವೆ. ನನ್ನ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ.

1929ರಲ್ಲಿ ಅರ್ವಿಂಗ್ ಜಾನ್ಸನ್ ‘ಪೆಕಿಂಗ್’ ಹಡಗಿನಲ್ಲಿ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಹೋಗುವಾಗ ತೆಗೆದ ಚಲನಚಿತ್ರವನ್ನು ಮಾತ್ರ ತಪ್ಪದೆ ನೋಡಿ. ಹಡಗಿನ ಡೆಕ್ ಮೇಲೆ ನೀರು ನುಗ್ಗುವಾಗ ಹಗ್ಗ ಎಳೆಯುವುದು ಎಂದರೇನು ಎಂಬುದು ಬೇರೆಲ್ಲೂ ಹೀಗೆ ಕಾಣುವುದಿಲ್ಲ. ಆದರೆ ಅದು 1911ರ, ನಾಲ್ಕು ಕೂವೆಮರದ ಉಕ್ಕಿನ ಹಡಗು. ಲೀವರ್ ಕಾಲದ ಮರದ ಹಡಗಿಗೆ ಅದನ್ನು ಹಾಗೇ ಅನ್ವಯಿಸಲು ಬರುವುದಿಲ್ಲ.

ನಿಜವಾದ ಹಡಗು? ಅಕ್ಕನ ಮನೆಗೆ ಇಂಗ್ಲೆಂಡಿಗೆ ಹೋದಾಗ ಹಾರ್ಟ್ಲ್‌ಪೂಲ್‌ನ ‘ಟ್ರಿಂಕೋಮಲಿ’ ನೋಡಿದೆ. ನಮ್ಮವರಿಗೆ ಇದು ಇನ್ನೂ ಹತ್ತಿರದ್ದು. 1817ರಲ್ಲಿ ಮುಂಬೈಯಲ್ಲಿ ವಾಡಿಯಾ ಮನೆತನದವರು ಮಲಬಾರ್ ತೇಗದಲ್ಲಿ ಕಟ್ಟಿದ ಫ್ರಿಗೇಟ್ ಅದು. ಬ್ರಿಟನ್ನಿನ ಯುದ್ಧಹಡಗುಗಳಲ್ಲಿ ಇನ್ನೂ ನೀರಿನ ಮೇಲೆ ತೇಲುತ್ತಿರುವ ಅತಿ ಹಳೆಯದು. ಡೆಕ್ ಮೇಲೆ ನಿಂತು ಕತ್ತೆತ್ತಿ ಹಗ್ಗದ ದಾರಿ ಹಿಡಿದು ನೋಡಿದರೆ, ಮುಂದಿನ ಯಾರ್ಡ್ ತಿರುಗಿಸುವ ಬ್ರೇಸ್ ಹಿಂದಕ್ಕೆ, ನಡುವಿನ ಕೂವೆಮರದ ಕಡೆಗೆ ಹೋಗುತ್ತದೆ. ಎಳೆಯುವವನು ಒಂದು ಕಡೆ, ತಿರುಗುವ ಯಾರ್ಡ್ ಇನ್ನೊಂದು ಕಡೆ. ಆಜ್ಞೆಯನ್ನು ಅಷ್ಟು ಗಟ್ಟಿಯಾಗಿ, ಅಷ್ಟು ಚುಟುಕಾಗಿ ಯಾಕೆ ಕೂಗುತ್ತಿದ್ದರು ಎಂಬುದು ಅಲ್ಲೇ ಹೊಳೆಯಿತು. ಆದರೆ ಹಡಗು ಕಟ್ಟಿಹಾಕಿ ನಿಂತಿದೆ, ಹಾಯಿ ಬಿಚ್ಚುವುದಿಲ್ಲ. ಮೊದಲು ಪುಸ್ತಕ ಓದಿ ಹೋಗಿ, ಇಲ್ಲದಿದ್ದರೆ ಬರೀ ಹಗ್ಗದ ಕಾಡು ಕಾಣುತ್ತದೆ. ಪೋರ್ಟ್ಸ್‌ಮತ್‌ನ ‘ವಿಕ್ಟರಿ’ಗೆ ಹಗ್ಗ ನೋಡಲೆಂದೇ ಹೋಗಬೇಡಿ. ಅದರ ಮೇಲ್ಭಾಗದ ಕೂವೆಮರಗಳನ್ನು 2011ರಲ್ಲೇ ಇಳಿಸಿದ್ದಾರೆ, ದೊಡ್ಡ ದುರಸ್ತಿ ನಡೆದಿದೆ.

ನಮ್ಮಲ್ಲೂ ‘ಐಎನ್ಎಸ್ ತರಂಗಿಣಿ’ ಇದೆ, ಗೋವಾದಲ್ಲಿ ಕಟ್ಟಿ 1997ರಲ್ಲಿ ನೌಕಾಪಡೆಗೆ ಸೇರಿದ್ದು. ಮುಂದಿನ ಎರಡು ಕೂವೆಮರಗಳಲ್ಲಿ ಚೌಕ ಹಾಯಿಗಳಿವೆ. ಅದರಲ್ಲಿ ಕಲಿಯುವುದು ನೌಕಾಪಡೆಯ ಹುಡುಗ ಹುಡುಗಿಯರು. ಯುರೋಪಿನಲ್ಲಿ ದುಡ್ಡು ಕೊಟ್ಟು ಹತ್ತುವ ತರಬೇತಿ ಹಡಗುಗಳಿವೆ, ಅದು ನನ್ನ ಬಜೆಟ್ಟಿಗೆ ಮೀರಿದ್ದು. ನಿಮಗೆ ಸಾಧ್ಯವಿದ್ದರೆ ಖಂಡಿತ ಹೋಗಿ.

ಪುಸ್ತಕಗಳಲ್ಲೇ ಎರಡನೆಯ ಆಯ್ಕೆ ಜಾನ್ ಹಾರ್ಲ್ಯಾಂಡ್ ಅವರ ‘ಸೀಮನ್‌ಶಿಪ್ ಇನ್ ದಿ ಏಜ್ ಆಫ್ ಸೇಲ್’, 1984ರದ್ದು. ಬೇರೆ ಬೇರೆ ದೇಶಗಳ ಹಳೇ ಕೈಪಿಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ಬರೆದಿದ್ದಾರೆ, ಚಿತ್ರಗಳು ಬಹಳ ಸ್ಪಷ್ಟ. ಆಳ ಲೀವರ್‌ಗಿಂತ ಜಾಸ್ತಿ. ಆದರೆ ದುಬಾರಿ, ಭಾರ, ಶುರುವಿನಲ್ಲೇ ಹಿಡಿದರೆ ದಿಕ್ಕು ತಪ್ಪುತ್ತದೆ. ನಾನು ಲೀವರ್ ಮುಗಿಸಿದ ಮೇಲೆ ಸೆಕೆಂಡ್ ಹ್ಯಾಂಡ್ ಪ್ರತಿ ಕೊಂಡೆ, ಈಗ ಎರಡೂ ಮೇಜಿನ ಮೇಲೇ ಇರುತ್ತವೆ.

ನಾನು ರಾತ್ರಿ ಊಟ ಆದ ಮೇಲೆ ಒಂದರ್ಧ ಗಂಟೆ ಕೂತು ಕೈಯಲ್ಲಿ ಏನಾದರೂ ಮಾಡುತ್ತಾ ಕಲಿಯುವವನು. ಅದಕ್ಕೆ ಪುಸ್ತಕ, ಕಡ್ಡಿ, ದಾರ ಹೊಂದಿತು. ಓದುವ ತಾಳ್ಮೆ ಇಲ್ಲದವರು ಪೆಕಿಂಗ್ ಚಿತ್ರದಿಂದ ಶುರು ಮಾಡಿ. ಕಿಟ್ ಈಗಾಗಲೇ ಮನೆಗೆ ಬಂದಿದ್ದರೆ ಸೂಪರ್‌ಗ್ಲೂ ಪಕ್ಕಕ್ಕಿಡಿ. ಯಾರ್ಡನ್ನು ದಾರದ ಕುಣಿಕೆಯಿಂದ ಕೂವೆಮರಕ್ಕೆ ಸಡಿಲವಾಗಿ ಕಟ್ಟಿ, ಕುಣಿಕೆಗೆ ಬಳೆ ಅಂಗಡಿಯಲ್ಲಿ ಸಿಗುವ ಸಣ್ಣ ಮಣಿ ಪೋಣಿಸಿ, ಬ್ರೇಸ್ ದಾರಗಳನ್ನು ಗೂಟಕ್ಕೆ ಎಂಟರ ಆಕಾರದಲ್ಲಿ ಸುತ್ತಿ ಬಿಡಿ. ಆಗ ಯಾರ್ಡ್ ಏರುತ್ತದೆ, ಇಳಿಯುತ್ತದೆ, ತಿರುಗುತ್ತದೆ.