ಗೋ ಟೆಲಿಮೆಟ್ರಿ: ಮೊದಲು ನೋಡಿ, ಆಮೇಲೆ ಒಪ್ಪಿ

ಟರ್ಮಿನಲ್‌ನಲ್ಲಿ ಬಳಸುವ ಟೂಲ್ ಒಂದು ತನ್ನ ಬಳಕೆಯ ಲೆಕ್ಕವನ್ನು ತಯಾರಿಸಿದವರಿಗೆ ಕಳುಹಿಸಬಹುದೇ, ಕಳುಹಿಸುವುದಾದರೆ ಅದಕ್ಕೆ ಒಪ್ಪಿಗೆಯನ್ನು ಹೇಗೆ ಪಡೆಯಬೇಕು ಎಂಬ ಪ್ರಶ್ನೆಗೆ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಂಡ ಕಂಡುಕೊಂಡ ಉತ್ತರ ನಾನು ಬಳಸಿದ ಟೂಲ್‌ಗಳಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದದ್ದು. ಹೀಗೆ ಬಳಕೆಯ ಲೆಕ್ಕ ಇಟ್ಟು ಕಳುಹಿಸುವುದಕ್ಕೆ ಟೆಲಿಮೆಟ್ರಿ ಎನ್ನುತ್ತಾರೆ; ಗೋ ಭಾಷೆಯ 2024ರ ಆಗಸ್ಟ್‌ನಲ್ಲಿ ಬಿಡುಗಡೆಯಾದ 1.23ನೇ ಆವೃತ್ತಿಯಲ್ಲಿ ಸೇರಿದ ‘ಗೋ ಟೆಲಿಮೆಟ್ರಿ’ ಎಂಬ ಕಮಾಂಡ್ ಕುರಿತು ಈ ವಿಮರ್ಶೆ.

ಈ ಕಮಾಂಡ್‌ಗೆ ಮೂರು ಸ್ಥಿತಿಗಳಿವೆ: ಆನ್, ಆಫ್ ಮತ್ತು ಲೋಕಲ್. ಏನನ್ನೂ ಸೇರಿಸದೆ ಬರೀ ಕಮಾಂಡ್ ಕೊಟ್ಟರೆ ಸದ್ಯ ಯಾವ ಸ್ಥಿತಿ ಇದೆ ಎಂಬುದನ್ನು ಅದು ತಿಳಿಸುತ್ತದೆ. ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಇರುವುದು ಲೋಕಲ್. ಆಗ ಎಣಿಕೆಗಳು ನಮ್ಮದೇ ಡಿಸ್ಕ್‌ನ ಫೈಲ್‌ಗಳಲ್ಲಿ ದಾಖಲಾಗುತ್ತವೆ, ಆದರೆ ಯಂತ್ರದಿಂದ ಹೊರಗೆ ಹೋಗುವುದಿಲ್ಲ. ಆನ್ ಮಾಡಿದರೆ ಮಾತ್ರ ಸುಮಾರು ವಾರಕ್ಕೊಮ್ಮೆ ವರದಿ ಅಪ್‌ಲೋಡ್ ಆಗುವ ಸಾಧ್ಯತೆ ಇರುತ್ತದೆ. ಆಫ್ ಮಾಡಿದರೆ ಸ್ಥಳೀಯ ಎಣಿಕೆಯೂ ನಿಲ್ಲುತ್ತದೆ.

ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಹಿರಿಮೆ ಇರುವುದು ಈ ನಡುವಿನ ಸ್ಥಿತಿಯಲ್ಲಿ. ಹೌದು ಅಥವಾ ಬೇಡ ಎಂಬ ಎರಡೇ ಆಯ್ಕೆ ಕೊಡುವ ಟೂಲ್‌ಗಳು, ಏನನ್ನು ಸಂಗ್ರಹಿಸಲಾಗುತ್ತದೆ ಎಂಬುದನ್ನು ಬಳಕೆದಾರ ಕಣ್ಣಾರೆ ಕಾಣುವ ಮೊದಲೇ ಅವನಿಂದ ನಿರ್ಧಾರವನ್ನು ಬಯಸುತ್ತವೆ. ಇಲ್ಲಿ ಹಾಗಲ್ಲ. ಕೆಲವು ವಾರ ಎಂದಿನಂತೆ ಕೆಲಸ ಮಾಡಿ, ಆಮೇಲೆ ‘ಗೋಟೆಲಿಮೆಟ್ರಿ ವ್ಯೂ’ ಎಂಬ ವೀಕ್ಷಕವನ್ನು ಚಾಲೂ ಮಾಡಿದರೆ, ನಮ್ಮ ಯಂತ್ರದಲ್ಲಿ ನಿಜವಾಗಿ ದಾಖಲಾದ ಎಣಿಕೆಗಳು ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತವೆ. ಯಾವ ಉಪಕಮಾಂಡ್ ಎಷ್ಟು ಬಾರಿ ನಡೆಯಿತು, ಕಮಾಂಡ್‌ಗೆ ಸೇರಿಸುವ ಯಾವ ಫ್ಲ್ಯಾಗ್ (ಆಯ್ಕೆ) ಬಳಕೆಯಾಯಿತು, ಗೋ ಆವೃತ್ತಿ ಯಾವುದು, ಆಪರೇಟಿಂಗ್ ಸಿಸ್ಟಮ್ ಮತ್ತು ಪ್ರೊಸೆಸರ್ ಯಾವ ಬಗೆಯವು ಎಂಬಂಥ ವಿವರಗಳೇ ಅಲ್ಲಿ ಸಿಗುತ್ತವೆ. ನಾವು ಬರೆದ ಕೋಡ್ ಅಥವಾ ಫೈಲ್‌ಗಳ ಹೆಸರು ಅಲ್ಲಿ ಕಾಣುವುದಿಲ್ಲ. ಗೌಪ್ಯತೆಯ ಬಗ್ಗೆ ಪುಟಗಟ್ಟಲೆ ಬರೆದ ಭರವಸೆಗಿಂತ ಹೀಗೆ ಸ್ವತಃ ಪರಿಶೀಲಿಸಿ ನೋಡುವ ಅವಕಾಶವೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿತು.

ಆನ್ ಮಾಡಿದ ಮೇಲೂ ದಾಖಲಾದದ್ದೆಲ್ಲ ಹೋಗುವುದಿಲ್ಲ. ಅಪ್‌ಲೋಡ್ ಆಗಬಹುದಾದ ಎಣಿಕೆಗಳ ಪಟ್ಟಿಯನ್ನು ಬಹಿರಂಗವಾಗಿ ಇಡಲಾಗಿದೆ, ಆ ಪಟ್ಟಿಯಲ್ಲಿ ಇಲ್ಲದ್ದು ವರದಿಯಿಂದ ಹೊರಗುಳಿಯುತ್ತದೆ. ಸಂಗ್ರಹವಾದ ಮಾಹಿತಿಯನ್ನೂ ಗೋ ತಂಡ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಬರೀ ಎಣಿಕೆಯ ಜೊತೆಗೆ, ಟೂಲ್ ಕುಸಿದು ಬಿದ್ದಾಗ ಅದರದೇ ಫಂಕ್ಷನ್‌ಗಳ ಕರೆಸರಣಿಯನ್ನು ದಾಖಲಿಸುವ ಸ್ಟ್ಯಾಕ್ ಕೌಂಟರ್ ಎಂಬುದೊಂದಿದೆ. ಕೋಡ್ ಬರೆಯುವ ಎಡಿಟರ್‌ಗಳ ಹಿಂದೆ ನಿಂತು ಅವಕ್ಕೆ ಗೋ ಭಾಷೆಯ ನೆರವು ನೀಡುವ ‘ಗೋಪ್ಲ್ಸ್’ ಎಂಬ ಲ್ಯಾಂಗ್ವೇಜ್ ಸರ್ವರ್‌ನಲ್ಲಿ, ಯಾರೂ ದೂರು ಬರೆಯದೇ ಉಳಿದಿದ್ದ ದೋಷಗಳು ಪತ್ತೆಯಾಗಿ ಸರಿಹೋದದ್ದು ಇದರಿಂದಲೇ. ಸರ್ವರ್ ಕುಸಿದರೆ ಎಡಿಟರ್ ಅದನ್ನು ಸದ್ದಿಲ್ಲದೆ ಮತ್ತೆ ಚಾಲೂ ಮಾಡುತ್ತದೆ, ನಾವು ಗಮನಿಸದೆ ಮುಂದುವರಿಯುತ್ತೇವೆ. ಅಂಥ ದೋಷ ತಂಡದ ಕಿವಿಗೆ ಬೀಳಲು ಬೇರೆ ದಾರಿ ಕಡಿಮೆ. ಬಳಕೆ ಮಾಹಿತಿಯನ್ನು ಹಂಚಿಕೊಳ್ಳಲು ನನಗೆ ಸಿಕ್ಕ ಅತ್ಯಂತ ಬಲವಾದ ಕಾರಣ ಇದು.

ಈ ವಿನ್ಯಾಸ ಆರಂಭದಿಂದಲೂ ಹೀಗಿರಲಿಲ್ಲ. 2023ರ ಫೆಬ್ರವರಿಯಲ್ಲಿ ಅಂದಿನ ತಂಡದ ನಾಯಕ ರಸ್ ಕಾಕ್ಸ್ ಮುಂದಿಟ್ಟ ಪ್ರಸ್ತಾವದಲ್ಲಿ ಅಪ್‌ಲೋಡ್ ತಾನಾಗಿಯೇ ಆನ್ ಆಗಿರಬೇಕಿತ್ತು, ಬೇಡವೆಂದವರು ಆಫ್ ಮಾಡಿಕೊಳ್ಳಬೇಕಿತ್ತು. ಬಳಕೆದಾರರಿಂದ ತೀವ್ರ ಆಕ್ಷೇಪ ಬಂದಾಗ, ಒಪ್ಪಿದವರಿಂದ ಮಾತ್ರ ಮಾಹಿತಿ ಪಡೆಯುವಂತೆ ಅದನ್ನು ಬದಲಿಸಲಾಯಿತು. ಬರುವ ಮಾಹಿತಿ ಕಡಿಮೆಯಾಗುತ್ತದೆ ಎಂದು ತಿಳಿದೂ ಮಾಡಿದ ಬದಲಾವಣೆ ಎಂಬ ಕಾರಣಕ್ಕೆ ಅದನ್ನು ನಾನು ಗೌರವಿಸುತ್ತೇನೆ. ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಲು ಬಳಸುವ ಹೋಮ್‌ಬ್ರೂ ಮತ್ತು ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆಯಾದ ಡಾಟ್‌ನೆಟ್‌ನ ಕಮಾಂಡ್‌ಲೈನ್ ಟೂಲ್‌ಗಳಲ್ಲಿ ಈಗಲೂ ಹಂಚಿಕೆ ಮೊದಲಿನಿಂದಲೇ ಆನ್ ಇರುತ್ತದೆ.

ಆದರೆ ಅವುಗಳಿಂದ ಗೋ ಕಲಿಯಬೇಕಾದದ್ದೂ ಇದೆ. ಹೋಮ್‌ಬ್ರೂ ಮೊದಲ ಬಾರಿಗೆ ನಡೆದಾಗ, ಬಳಕೆ ಮಾಹಿತಿ ಸಂಗ್ರಹವಾಗುತ್ತದೆ ಎಂಬ ಸೂಚನೆಯನ್ನು ತೋರಿಸುತ್ತದೆ. ಗೋ ಕಮಾಂಡ್ ಲೋಕಲ್ ಎಣಿಕೆಯನ್ನು ಅಂಥ ಸೂಚನೆಯಿಲ್ಲದೆ ಆರಂಭಿಸುತ್ತದೆ. ಹೊರಗೆ ಏನೂ ಹೋಗದಿದ್ದರೂ ಒಂದು ಸಾಲಿನ ತಿಳಿವಳಿಕೆ ಕೊಟ್ಟಿದ್ದರೆ ಚೆನ್ನಾಗಿತ್ತು. ಜೊತೆಗೆ, ನಾನು ಇಷ್ಟು ಮೆಚ್ಚಿದ ವೀಕ್ಷಕ ಗೋ ಇನ್‌ಸ್ಟಾಲ್ ಮಾಡಿದಾಗ ಅದರೊಂದಿಗೆ ಬರುವುದಿಲ್ಲ, ಪ್ರತ್ಯೇಕ ಮಾಡ್ಯೂಲ್‌ನಿಂದ ತಂದುಕೊಳ್ಳಬೇಕು. ಲೋಕಲ್ ಸ್ಥಿತಿಯ ಅರ್ಥವೇ ನೋಡಿ ತಿಳಿಯುವುದರಲ್ಲಿ ಇರುವಾಗ ಈ ಹೆಚ್ಚುವರಿ ಹೆಜ್ಜೆ ಅನೇಕರನ್ನು ದೂರವೇ ಇಡುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಕಾಣಿಸುವುದು ಕೋಡನ್ನು ತಾನಾಗಿ ಪ್ರೋಗ್ರಾಮ್ ಆಗಿಸುವ ಬಿಲ್ಡ್ ಸರ್ವರ್‌ಗಳಲ್ಲಿ ಮತ್ತು ಇಮೇಜ್ ಎಂಬ ಸಿದ್ಧ ಅಚ್ಚಿನಿಂದ ಪ್ರತಿ ಬಾರಿ ಹೊಸದಾಗಿ ತೆರೆಯುವ ಪ್ರತ್ಯೇಕ ಪರಿಸರಗಳಾದ ಕಂಟೈನರ್‌ಗಳಲ್ಲಿ. ಡಾಟ್‌ನೆಟ್‌ನಲ್ಲಿ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಪ್ರೋಗ್ರಾಮ್‌ಗಳು ಹೊರಗಿನಿಂದ ಓದುವ ಸೆಟ್ಟಿಂಗ್‌ಗೆ) 1 ಎಂಬ ಮೌಲ್ಯ ಕೊಟ್ಟರೆ ಟೆಲಿಮೆಟ್ರಿ ನಿಲ್ಲುತ್ತದೆ. ಗೋದಲ್ಲಿ ‘ಗೋಟೆಲಿಮೆಟ್ರಿ’ ಎಂಬ ವೇರಿಯಬಲ್ ‘ಗೋ ಎನ್ವ್’ ಕಮಾಂಡ್ ತೋರಿಸುವ ಪಟ್ಟಿಯಲ್ಲಿ ಕಾಣುತ್ತದಾದರೂ ಅದನ್ನು ಓದಬಹುದೇ ಹೊರತು ಬದಲಿಸಲಾಗದು. ಆಯ್ಕೆ ಆಯಾ ಬಳಕೆದಾರನ ಕಾನ್ಫಿಗರೇಷನ್ ಫೋಲ್ಡರ್‌ನಲ್ಲಿ ಉಳಿಯುವುದರಿಂದ, ಹೊಸದಾಗಿ ಹುಟ್ಟುವ ಪ್ರತಿ ಕಂಟೈನರ್ ಮತ್ತೆ ಲೋಕಲ್‌ನಿಂದಲೇ ಆರಂಭವಾಗುತ್ತದೆ. ಅಪ್‌ಲೋಡ್ ಆಗದ ಕಾರಣ ಗೌಪ್ಯತೆಗೆ ಧಕ್ಕೆಯಿಲ್ಲ. ಆದರೆ ಯಾವ ಎಣಿಕೆಯೂ ಇರಬಾರದು ಎಂಬ ನಿಯಮವಿರುವ ಸಂಸ್ಥೆಗಳಿಗೆ ಇದು ಅನಗತ್ಯ ತೊಡಕು.

ದಿನನಿತ್ಯ ಕೋಡ್ ಬರೆಯುವ ನನ್ನ ಸ್ವಂತ ಯಂತ್ರದಲ್ಲಿ, ವೀಕ್ಷಕದಲ್ಲಿ ಎಲ್ಲವನ್ನೂ ನೋಡಿದ ಮೇಲೆ, ಇದನ್ನು ಆನ್ ಮಾಡಿದ್ದೇನೆ ಮತ್ತು ಹಾಗೆಯೇ ಇಟ್ಟುಕೊಳ್ಳುತ್ತೇನೆ. ಕೆಲಸದ ಸಂಸ್ಥೆ ಕೊಟ್ಟ ಯಂತ್ರವಾದರೆ ಅಲ್ಲಿನ ನಿಯಮವನ್ನು ಕೇಳಿ ತಿಳಿಯುವವರೆಗೆ ಲೋಕಲ್‌ನಲ್ಲೇ ಬಿಡುವುದು ಸೂಕ್ತ. ಬಿಲ್ಡ್ ಕಂಟೈನರ್‌ಗಳಿಗಾದರೆ ಇಮೇಜ್ ತಯಾರಿಸುವ ಫೈಲ್‌ನಲ್ಲಿ, ಬಿಲ್ಡ್ ನಡೆಸುವ ಬಳಕೆದಾರನ ಹೆಸರಿನಲ್ಲೇ, ಮೊದಲ ಬಿಲ್ಡ್‌ಗೆ ಮುಂಚೆ ‘ಗೋ ಟೆಲಿಮೆಟ್ರಿ ಆಫ್’ ಎಂಬ ಸಾಲನ್ನು ಸೇರಿಸಬೇಕು. ರೂಟ್ (ಎಲ್ಲ ಅಧಿಕಾರವಿರುವ ಮುಖ್ಯ ಬಳಕೆದಾರ) ಹೆಸರಿನಲ್ಲಿ ಆಫ್ ಮಾಡಿ ಬೇರೆ ಬಳಕೆದಾರನಾಗಿ ಬಿಲ್ಡ್ ನಡೆಸಿದರೆ ಆ ಸಾಲಿನಿಂದ ಪ್ರಯೋಜನವಾಗುವುದಿಲ್ಲ.