ಹೂತ ಗಾಡಿ ಎಳೆಯಲು 9 ಮೀಟರ್, 8 ಟನ್ ಸ್ನ್ಯಾಚ್ ಸ್ಟ್ರ್ಯಾಪ್ ಕಿಟ್: ಕೋಲಾರದ ಕೆಸರಿಗೆ ಸರಿಯೇ?

ಕೋಲಾರ ಸೀಮೆಯ ಕೆಂಪು ಮಣ್ಣು ಬೇಸಿಗೆಯಲ್ಲಿ ಡಾಂಬರಿನಷ್ಟೇ ಗಟ್ಟಿ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಹಿಡಿದರೆ ಅದೇ ತೋಟದ ದಾರಿಯಲ್ಲಿ ಎಪಿಎಂಸಿಗೆ ಹೊರಟ ಟೊಮೆಟೊ ಪಿಕಪ್ ಆಕ್ಸೆಲ್‌ವರೆಗೆ ಕೂತುಬಿಡುತ್ತದೆ. ಕೆರೆ ಅಂಗಳವಂತೂ ಇನ್ನೂ ಮೋಸ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಹರಿಯಲು ಶುರುವಾದ ಮೇಲೆ ತುಂಬಿದ ಕೆರೆಗಳ ಅಂಚಿನಲ್ಲಿ ಮೇಲೆ ಬಿರುಕುಬಿಟ್ಟ ಒಣ ಪದರ ಕಂಡರೂ ಒಂದಡಿ ಕೆಳಗೆ ಹಸಿ ಗೋಡು ಇರುತ್ತದೆ. ಇಂಥ ಕಡೆ ಓಡಾಡುವವರಿಗೆ ಸ್ನ್ಯಾಚ್ ಸ್ಟ್ರ್ಯಾಪ್, ಅಂದರೆ ಹೂತ ಗಾಡಿ ಎಳೆಯುವ ಹಿಗ್ಗುವ ಪಟ್ಟಿ, ಎಂಥದ್ದು ಬೇಕು, ಅದನ್ನು ಬಳಸುವುದು ಹೇಗೆ ಅನ್ನುವುದೇ ಈ ವಿಮರ್ಶೆ.

ಮೊದಲು ಬೇಡವಾದದ್ದನ್ನು ಹೇಳಿಬಿಡುತ್ತೇವೆ. ಕಾರ್ ಆಕ್ಸೆಸರೀಸ್ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ, ಎರಡೂ ತುದಿಗೆ ಕಬ್ಬಿಣದ ಕೊಕ್ಕೆಯಿರುವ ಹಳದಿ ಹಗ್ಗ ಕೆಟ್ಟು ನಿಂತ ಕಾರನ್ನು ಸಮತಟ್ಟು ರಸ್ತೆಯಲ್ಲಿ ನಿಧಾನ ಎಳೆದುಕೊಂಡು ಹೋಗಲಿಕ್ಕಷ್ಟೇ. ಹೂತ ಗಾಡಿಗೆ ಅದನ್ನು ಸಿಕ್ಕಿಸಿ ಜಗ್ಗಿದರೆ ಕೊಕ್ಕೆ ಬಿಚ್ಚಿಕೊಂಡು ಗುಂಡಿನಂತೆ ಹಾರುತ್ತದೆ. ಸರಪಳಿಯೂ ಬೇಡ. ಅದು ಹಿಗ್ಗುವುದಿಲ್ಲ, ಹಾಗಾಗಿ ಜಗ್ಗಿನ ಪೆಟ್ಟೆಲ್ಲ ನೇರವಾಗಿ ಚಾಸಿಗೆ ಬೀಳುತ್ತದೆ.

ಸ್ನ್ಯಾಚ್ ಸ್ಟ್ರ್ಯಾಪ್ ನೈಲಾನಿನದು, ಸುಮಾರು ಶೇ. 20ರಷ್ಟು ಹಿಗ್ಗುತ್ತದೆ. ಎಳೆಯುವ ಗಾಡಿ ಮುಂದೆ ಹೋದಾಗ ಪಟ್ಟಿಯಲ್ಲಿ ತುಂಬಿಕೊಂಡ ಶಕ್ತಿ ಹಿಂದಿನದನ್ನು ಕೆಸರಿನಿಂದ ಮೆಲ್ಲಗೆ ಕಿತ್ತು ತರುತ್ತದೆ. ನೋಡಲಿಕ್ಕೆ ಹಾಗೇ ಇರುವ ಪಾಲಿಯೆಸ್ಟರ್ ಪಟ್ಟಿ ಹೆಚ್ಚು ಹಿಗ್ಗುವುದಿಲ್ಲ. ಅದು ವಿಂಚಿನ (ಕೇಬಲ್ ಸುತ್ತಿ ಎಳೆಯುವ ಯಂತ್ರದ) ಕೇಬಲ್ ಉದ್ದ ಮಾಡಲು, ಮರಕ್ಕೆ ಸುತ್ತಲು. ಲೇಬಲ್ ಓದದೆ ದುಡ್ಡು ಕೊಡಬೇಡಿ. ನೈಲಾನ್ ಎಂದು, ಎಷ್ಟು ಭಾರಕ್ಕೆ ಹರಿಯುತ್ತದೆ ಎಂದು ಬರೆದಿರಲೇಬೇಕು.

ಟನ್ ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಎರಡು ಗಾಡಿಗಳಲ್ಲಿ ಹಗುರವಾದದ್ದು ಯಾವುದೋ, ಅದರ ಲೋಡ್ ಸಮೇತ ಗರಿಷ್ಠ ತೂಕದ ಎರಡರಿಂದ ಮೂರು ಪಟ್ಟು ಪಟ್ಟಿಯ ಬಲ ಇರಬೇಕು. ಎರಡೂವರೆ ಟನ್ನಿನ ಜೀಪಿಗೆ 5ರಿಂದ 7.5 ಟನ್ ಬರುತ್ತದೆ. ಹಾಗಾಗಿ 60 ಮಿ.ಮೀ. ಅಗಲದ 8 ಟನ್ ಪಟ್ಟಿ ಹತ್ತಿರದ ಆಯ್ಕೆ. ತುಂಬಿದ ಪಿಕಪ್ ಮೂರೂವರೆ ಟನ್ ಮುಟ್ಟಿ, ಎಳೆಯುವ ಗಾಡಿಯೂ ಅದಕ್ಕಿಂತ ಹಗುರವಲ್ಲದಿದ್ದರೆ 8 ಟನ್ ಪಟ್ಟಿ ಲೆಕ್ಕದ ಕೆಳಗಿನ ಅಂಚಿಗೆ ಬರುತ್ತದೆ, ಆಗ 75 ಮಿ.ಮೀ.ನ 11 ಟನ್ ಪಟ್ಟಿ ಒಳ್ಳೆಯದು, ಇಲ್ಲವೇ ಮೊದಲು ಕ್ರೇಟು ಇಳಿಸಿ. ಸಣ್ಣ ಕಾರಿಗೆ 8 ಟನ್ ಪಟ್ಟಿ ಹಾಕಿದರೆ ಅದು ಸಾಕಷ್ಟು ಹಿಗ್ಗುವುದಿಲ್ಲ, ಸರಪಳಿಯಂಥ ಪೆಟ್ಟು ಕೊಡುತ್ತದೆ.

ಕಿಟ್‌ನಲ್ಲಿ ಪಟ್ಟಿಗಿಂತ ಹೆಚ್ಚು ಅನುಮಾನದಿಂದ ನೋಡಬೇಕಾದದ್ದು ಜೊತೆಗೆ ಬರುವ ಎರಡು ಶ್ಯಾಕಲ್, ಅಂದರೆ ಪಟ್ಟಿಯನ್ನು ಗಾಡಿಗೆ ಸಿಕ್ಕಿಸುವ, ಬಿಲ್ಲಿನಂತೆ ಬಾಗಿದ, ಪಿನ್ ಹಾಕಿ ಮುಚ್ಚುವ ಕಬ್ಬಿಣದ ಕೊಂಡಿಗಳು. ಒಳ್ಳೆಯ ಬೋ ಶ್ಯಾಕಲ್ ಮೇಲೆ 3.25 ಟನ್ ಅಥವಾ 4.75 ಟನ್ ಎಂದು ಉಬ್ಬಿದ ಅಕ್ಷರದಲ್ಲಿ ಇರುತ್ತದೆ. 8 ಟನ್ ಪಟ್ಟಿಗೆ ಇದು ಸಾಲದೇನೋ ಎಂದು ಹಲವರು ಹಿಂಜರಿಯುತ್ತಾರೆ. ಪಟ್ಟಿಯ ಮೇಲಿರುವುದು ಹರಿಯುವ ಭಾರ, ಶ್ಯಾಕಲ್ ಮೇಲಿರುವುದು ಸುರಕ್ಷಿತವಾಗಿ ಹೊರುವ ಭಾರ. ಎರಡೂ ಬೇರೆ ಲೆಕ್ಕ. 19 ಮಿ.ಮೀ.ನ 4.75 ಟನ್ ಶ್ಯಾಕಲ್ ಸಾಕು. ಅಸಲಿಯಾದರೆ ಪಿನ್ನು ಬಿಲ್ಲಿಗಿಂತ ಒಂದಿಷ್ಟು ದಪ್ಪ ಇರುತ್ತದೆ. ಪಿನ್ನೂ ಬಿಲ್ಲೂ ಒಂದೇ ದಪ್ಪ, ಯಾವ ಗುರುತೂ ಇಲ್ಲ ಅಂದರೆ ಅದನ್ನು ಗೇಟಿಗೆ ಸಿಕ್ಕಿಸಿ, ಗಾಡಿಗೆ ಬೇಡ. ಪಿನ್ನನ್ನು ಪೂರ್ತಿ ತಿರುಗಿಸಿ ಆಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಬೇಕು, ಇಲ್ಲದಿದ್ದರೆ ಎಳೆತ ಬಿದ್ದ ಮೇಲೆ ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ಹಗ್ಗದಿಂದ ಮಾಡಿದ ಸಾಫ್ಟ್ ಶ್ಯಾಕಲ್ ತಗೊಳ್ಳಿ. ಕಳಚಿದರೂ ಕಬ್ಬಿಣ ಹಾರುವ ಭಯ ಇಲ್ಲ. ಚೂಪು ಅಂಚಿನ ಮೇಲೆ ಮಾತ್ರ ಅದನ್ನು ಹಾಕಬಾರದು.

ಇಷ್ಟಾದರೂ ಎಲ್ಲಕ್ಕಿಂತ ದೊಡ್ಡ ವಿಷಯ ಪಟ್ಟಿಯನ್ನು ಎಲ್ಲಿಗೆ ಕಟ್ಟುತ್ತೀರಿ ಎನ್ನುವುದು. ಚಾಸಿಗೆ ಗಟ್ಟಿ ಬೋಲ್ಟ್ ಹಾಕಿದ ರಿಕವರಿ ಹುಕ್ ಮಾತ್ರ ಸರಿ. ಟ್ರೇಲರ್ ಸಿಕ್ಕಿಸಲು ಗಾಡಿಯ ಹಿಂದೆ ಇರುವ ಗುಂಡಿಗೆ (ಟೋ ಬಾಲ್) ಯಾವತ್ತೂ ಬೇಡ. ಅದು ಮುರಿದು ಹಾರಿ ಹೊರದೇಶಗಳಲ್ಲಿ ಜನ ಸತ್ತಿದ್ದಾರೆ. ಲಾರಿ ಮೇಲೆ ಸಾಗಿಸುವಾಗ ಕಟ್ಟುವ ತೆಳು ಕಿವಿಗಳು, ಬಂಪರ್, ಸಸ್ಪೆನ್ಷನ್ ಆರ್ಮ್ ಇವೂ ಬೇಡ. ಸಣ್ಣ ಕಾರುಗಳ ಬಂಪರಿನಲ್ಲಿ ತಿರುಗಿಸಿ ಕೂರಿಸುವ ಕೊಂಡಿ ರಸ್ತೆ ಮೇಲೆ ಎಳೆಯಲಿಕ್ಕೆ ಕೊಟ್ಟದ್ದು, ಜಗ್ಗಿಗಲ್ಲ.

ನಮ್ಮ ಕಡೆ ಎಳೆಯಲು ಬರುವುದು ಹೆಚ್ಚಾಗಿ ಪಕ್ಕದ ಹೊಲದ ಟ್ರ್ಯಾಕ್ಟರ್. ಅದಕ್ಕೆ ಕಟ್ಟುವುದು ಹಿಂದೆ ಕೆಳಗಿರುವ ಡ್ರಾಬಾರಿಗೆ (ಎಳೆಯುವ ಕಬ್ಬಿಣದ ಪಟ್ಟಿಗೆ) ಮಾತ್ರ. ಮೇಲಿನ ಟಾಪ್ ಲಿಂಕಿಗೋ ಹಿಂದಿನ ಆಕ್ಸೆಲ್‌ಗಿಂತ ಮೇಲೆಲ್ಲೋ ಕಟ್ಟಿದರೆ ಎಳೆತ ಬಿದ್ದಾಗ ಮುಂಭಾಗ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ, ಓಡಿಸುವವರಿಗೆ ಇಳಿಯಲೂ ಸಮಯ ಸಿಗುವುದಿಲ್ಲ. ಟ್ರ್ಯಾಕ್ಟರಿನಿಂದ ಜಗ್ಗಿಸಬೇಡಿ. ಪಟ್ಟಿ ಬಿಗಿಯಾಗುವವರೆಗೆ ಮೆಲ್ಲಗೆ ಬಂದು, ಲೋ ಗೇರಿನಲ್ಲಿ ಒಂದೇ ಸಮ ಎಳೆಯಲು ಹೇಳಿ. ‘ಅಣ್ಣ, ಒಂದು ಸಲ ಜೋರಾಗಿ ಜಗ್ಗು’ ಅನ್ನುವ ಮಾತು ಯಾರ ಬಾಯಿಂದಲೂ ಬರಬಾರದು.

ಎಳೆಯುವ ಮುಂಚೆ ಸನಿಕೆ ಹಿಡಿಯಿರಿ. ಚಕ್ರಗಳ ಮುಂದಿನ ಮಣ್ಣು ಇಳಿಜಾರಾಗಿ ತೆಗೆದು, ಆಕ್ಸೆಲ್ ನಡುವಿನ ಉಬ್ಬು (ಡಿಫರೆನ್ಷಿಯಲ್) ಗೋಡಿನಲ್ಲಿ ಕೂತಿದ್ದರೆ ಅದರ ಕೆಳಗೂ ಬಿಡಿಸಿ. ಜೀಪಿನ ಟೈರಿನ ಗಾಳಿ 18–20 ಪಿಎಸ್‌ಐಗೆ ಇಳಿಸಿ, ಚಕ್ರದ ಕೆಳಗೆ ನೀಲಗಿರಿ ರೆಂಬೆ ತುರುಕಿದರೆ ಎಷ್ಟೋ ಸಲ ಪಟ್ಟಿಯೇ ಬೇಡವಾಗುತ್ತದೆ. ಬೇಕೇ ಬೇಕಾದರೆ ಗಾಡಿ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯುವುದು ಸುಲಭ, ಚಕ್ರದ ಜಾಡು ಆಗಲೇ ಒತ್ತಿಕೊಂಡಿರುತ್ತದೆ.

ಜೀಪಿನಿಂದ ಎಳೆಯುವಾಗ ಎರಡೂ ಗಾಡಿ ಆದಷ್ಟು ಒಂದೇ ಗೆರೆಯಲ್ಲಿ, ಸುಮಾರು 7 ಮೀಟರ್ ಅಂತರದಲ್ಲಿ ನಿಲ್ಲಲಿ. ಮಿಕ್ಕ 2 ಮೀಟರ್ ಪಟ್ಟಿ ತಿರುಚದೆ ನೆಲದ ಮೇಲೆ ಸಡಿಲವಾಗಿ ಬಿದ್ದಿರಲಿ. ಪಟ್ಟಿಯ ನಡುವೆ ಒದ್ದೆ ಗೋಣಿಚೀಲ ಹಾಕಿದರೆ ತುಂಡಾದಾಗ ಅದರ ಹಾರಾಟ ತಗ್ಗುತ್ತದೆ. ಸುತ್ತ ಸೇರಿದವರನ್ನು ಪಟ್ಟಿಯ ಉದ್ದದ ಒಂದೂವರೆ ಪಟ್ಟಾದರೂ ದೂರಕ್ಕೆ, ಅದೂ ಪಕ್ಕಕ್ಕೆ ಕಳಿಸಿ. ಹಳ್ಳಿಯಲ್ಲಿ ಇದೇ ಕಷ್ಟದ ಕೆಲಸ. ಮಕ್ಕಳು ಹತ್ತಿರ ಬಂದರೆ ನಿಲ್ಲಿಸಿಬಿಡಿ. ಪಟ್ಟಿಯನ್ನು ಯಾರೂ ದಾಟಬಾರದು, ಸನ್ನೆ ಕೊಡುವವರು ಒಬ್ಬರೇ ಇರಬೇಕು. ಲೋ ರೇಂಜಿನಲ್ಲಿ (4x4 ಗಾಡಿಯ ನಿಧಾನದ ಗೇರ್‌ನಲ್ಲಿ) ಹೊರಟು ವೇಗ ಗಂಟೆಗೆ 10 ಕಿ.ಮೀ. ಒಳಗಿಟ್ಟುಕೊಳ್ಳಿ, ಪಟ್ಟಿ ಬಿಗಿಯಾಗುತ್ತಿದ್ದಂತೆ ಹೂತ ಗಾಡಿಯೂ ಮೆಲ್ಲಗೆ ಆಕ್ಸಿಲರೇಟರ್ ಕೊಡಲಿ. ವೇಗ ಎರಡು ಪಟ್ಟಾದರೆ ಪಟ್ಟಿಗೆ ಬೀಳುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಎರಡು ಮೂರು ಸಲಕ್ಕೆ ಬರಲಿಲ್ಲವಾದರೆ ಮತ್ತೆ ಮಣ್ಣು ತೆಗೆಯಿರಿ. ಅಷ್ಟರಲ್ಲಿ ಬಿಸಿಯಾದ ನೈಲಾನ್ ಮತ್ತೆ ಕುಗ್ಗಲು ಸಮಯವೂ ಸಿಗುತ್ತದೆ. ಒಂದು ಪಟ್ಟಿ ಸಾಲದೆ ಎರಡು ಜೋಡಿಸುವುದಾದರೆ ನಡುವೆ ಶ್ಯಾಕಲ್ ಹಾಕಬೇಡಿ. ಒಂದರ ಕಣ್ಣಿಯಲ್ಲಿ ಇನ್ನೊಂದನ್ನು ತೂರಿಸಿ, ಗಂಟು ಬಿಗಿಯದಂತೆ ಸುತ್ತಿದ ದಪ್ಪ ಪತ್ರಿಕೆಯೊಂದನ್ನು ನಡುವೆ ಇಡಿ.

ಒದ್ದೆ ನೈಲಾನಿನ ಬಲ ಕಡಿಮೆ. ಎಳೆಗಳ ನಡುವೆ ಸೇರಿದ ಮರಳು ಒಳಗಿನಿಂದಲೇ ಅದನ್ನು ಕೊಯ್ಯುತ್ತದೆ. ಬಳಸಿದ ಮೇಲೆ ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅಂಚು ಕೊಯ್ದಿದ್ದರೆ, ಹೊಲಿಗೆ ಬಿಟ್ಟಿದ್ದರೆ, ಎಲ್ಲಾದರೂ ಕರಗಿ ಹೊಳೆಯುತ್ತಿದ್ದರೆ ಅದನ್ನು ತುಂಡುಮಾಡಿ ಎಸೆಯಿರಿ, ಇನ್ನೊಬ್ಬರ ಕೈಗೆ ಸಿಗಬಾರದು.

ಜೀಪು, ಬೊಲೆರೋ ಇರುವವರಿಗೆ ಈ 8 ಟನ್ ಕಿಟ್ ಧಾರಾಳವಾಗಿ ಹೇಳಬಹುದು, ಗುರುತಿರುವ ಶ್ಯಾಕಲ್ ಇದ್ದರೆ. ಗಾಡಿಗೆ ರಿಕವರಿ ಹುಕ್ಕೇ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಪಟ್ಟಿ ಮುಂದಿನ ತಿಂಗಳು ತಗೊಳ್ಳಿ.