ಹೆಡ್‌ಫೋನಿನಲ್ಲಿ ಕೇಳಿದ ಅಧ್ಯಕ್ಷರು: ಮಿಲ್ಲರ್ ಸೆಂಟರ್‌ನ ಶ್ವೇತಭವನದ ಟೇಪುಗಳು

ಇಪ್ಪತ್ತೆಂಟು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು ನಾನು. ಸಾಕ್ಷಿ ಏನು ಹೇಳಿದ ಅನ್ನುವುದಷ್ಟೇ ಅಲ್ಲ, ಎಲ್ಲಿ ತಡವರಿಸಿದ ಅನ್ನುವುದೂ ನನ್ನ ಕಿವಿಗೆ ಬೀಳುತ್ತದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಸೆಂಟರ್ ಅಮೆರಿಕದ ಅಧ್ಯಕ್ಷರು ಗುಟ್ಟಾಗಿ ಧ್ವನಿಮುದ್ರಿಸಿಕೊಂಡ ಮಾತುಕತೆಯ ಟೇಪುಗಳನ್ನು ಪುಕ್ಕಟೆಯಾಗಿ ಕೇಳಿಸುತ್ತದೆ ಎಂದು ತಿಳಿದಾಗ ಸುಮ್ಮನಿರಲಾಗಲಿಲ್ಲ. ರೂಸ್‌ವೆಲ್ಟ್‌ರಿಂದ ನಿಕ್ಸನ್‌ವರೆಗೆ ಆರು ಜನ.

ಲಿಂಡನ್ ಜಾನ್ಸನ್‌ರಿಂದ ಶುರುಮಾಡಿದೆ. 1964ರ ಆಗಸ್ಟ್ 9ರಂದು ಪ್ಯಾಂಟು ಹೊಲಿಯುವ ಕಂಪನಿಗೆ ಫೋನ್ ಮಾಡಿ ಎಲ್ಲೆಲ್ಲಿ ಬಿಗಿಯುತ್ತದೆ ಅಂತ ಎಗ್ಗಿಲ್ಲದೆ ವಿವರಿಸುತ್ತಾರೆ, ನಡುವೆ ತೇಗುತ್ತಾರೆ. ನನಗೇ ಮುಜುಗರವಾಯಿತು. ಆದರೆ ನಿದ್ದೆ ಕೆಡಿಸಿದ್ದು ಅದೇ ವರ್ಷದ ಮೇ 27ರ ಮಾತು. ವಿಯೆಟ್ನಾಂ ಹೋರಾಡುವಷ್ಟು ಬೆಲೆಯದ್ದಲ್ಲ, ಬಿಟ್ಟು ಬರಲೂ ಆಗದು ಎಂದು ತಮ್ಮ ಭದ್ರತಾ ಸಲಹೆಗಾರರ ಹತ್ತಿರ ತೋಡಿಕೊಳ್ಳುತ್ತಾರೆ. ಆ ಸಂಶಯವನ್ನು ಜನರಿಂದ ಮುಚ್ಚಿಟ್ಟೇ ಆಗಸ್ಟ್ 7ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಿಂದ ಸೇನಾ ಬಲ ಬಳಸಲು ಒಪ್ಪಿಗೆ ಪಡೆದರು. ಯುದ್ಧ ಸಾರುವ ಅಧಿಕಾರವನ್ನು ಸಂವಿಧಾನ ಕೊಟ್ಟಿರುವುದು ಆ ಕಾಂಗ್ರೆಸ್ಸಿಗೆ. ಒರಟು ಬಾಯಿಯನ್ನು ಕ್ಷಮಿಸಬಲ್ಲೆ, ಇದನ್ನು ಆಗದು. 1965ರ ಮತದಾನ ಹಕ್ಕಿನ ಕಾಯ್ದೆ ತಂದವರೂ ಇವರೇ ಎಂಬುದನ್ನು ಮರೆತಿಲ್ಲ.

ನಿಕ್ಸನ್ ಬಾಯಿಯೂ ಹೊಲಸೇ. 1972ರ ಜೂನ್ 23ರ ಟೇಪು ಮಾತ್ರ ಬೇರೆ ಜಾತಿಯದು. ವಿರೋಧ ಪಕ್ಷದ ಕಚೇರಿಗೆ ಕನ್ನ ಹಾಕಿದ ವಾಟರ್‌ಗೇಟ್ ಪ್ರಕರಣದ ತನಿಖೆ ನಿಲ್ಲಿಸುವಂತೆ ಗೂಢಚಾರ ಸಂಸ್ಥೆ ಸಿಐಎ ಮೂಲಕ ತನಿಖಾ ಸಂಸ್ಥೆ ಎಫ್‌ಬಿಐಗೆ ಹೇಳಿಸೋಣ ಎಂಬ ತಮ್ಮ ಸಿಬ್ಬಂದಿ ಮುಖ್ಯಸ್ಥ ಹಾಲ್ಡ್‌ಮನ್ ಸಲಹೆಗೆ ಒಪ್ಪಿಗೆ ಕೊಡುತ್ತಾರೆ. ದನಿಯಲ್ಲಿ ಅಳುಕೇ ಇಲ್ಲ, ದಿನದ ಕಡತಕ್ಕೆ ರುಜು ಹಾಕಿದ ಹಾಗೆ. ಕಾನೂನು ನಿಷ್ಠೆಯಿಂದ ಜಾರಿಯಾಗುವಂತೆ ನೋಡಿಕೊಳ್ಳಬೇಕಾದವರು ಅವರು! ಟೇಪು ಒಪ್ಪಿಸಿ ಎಂದು ಸುಪ್ರೀಂ ಕೋರ್ಟ್ 8–0 ತೀರ್ಪು ಕೊಟ್ಟಿತು. 1974ರ ಆಗಸ್ಟ್ 5ಕ್ಕೆ ಈ ಟೇಪು ಹೊರಬಿತ್ತು, 9ಕ್ಕೆ ಅವರು ಹುದ್ದೆ ಬಿಟ್ಟರು.

ಫೋನ್ ಟೇಪುಗಳು ಸ್ವಚ್ಛವಾಗಿವೆ. ನಿಕ್ಸನ್ ಕಚೇರಿಯವನ್ನು ಮೂರು ಮೂರು ಸಲ ಕೇಳಬೇಕು. ಬರಹರೂಪ ಸಿಗುವುದು ಕೆಲವಕ್ಕೆ ಮಾತ್ರ, ಅದೊಂದು ಕೊರತೆ. ಸಿಕ್ಕಲ್ಲಿ ಕೆಲಸ ಅಚ್ಚುಕಟ್ಟು: ಕೇಳಿಸದ ಮಾತನ್ನು ಊಹಿಸಿ ತುಂಬಿಲ್ಲ, ಅಸ್ಪಷ್ಟ ಎಂದೇ ಗುರುತು ಹಾಕಿದ್ದಾರೆ. ಆ ಗುರುತು ಕಂಡಾಗಲೆಲ್ಲ ಅದನ್ನು ಬರೆದ ಕೈಗೆ ನಮಸ್ಕಾರ ಹೇಳಿದ್ದೇನೆ. 1973ರ ಜುಲೈಗೆ ಟೇಪು ನಿಲ್ಲುತ್ತದೆ, ಆಮೇಲಿನವರನ್ನು ಹೀಗೆ ತೂಗಿ ನೋಡಲು ಆಗುವುದಿಲ್ಲ. ಹೊಸಬರು ಜಾನ್ಸನ್ ಫೋನುಗಳಿಂದ ಶುರುಮಾಡಿ. ಕಿವಿ ಪಳಗಿದ ಮೇಲೆ ಜೂನ್ 23ಕ್ಕೆ ಬನ್ನಿ.